ಎಲ್ ಡೂಕೆ: ಕ್ಯೂಬಾ ಬಿಟ್ಟು ಬಂದ ಪಿಚರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒರ್ಲಾಂಡೊ ಹೆರ್ನಾಂಡೆಸ್ ಯಾರು?

ಎಲ್ ಡೂಕೆ ಎಂದು ಹೆಸರಾದ ಕ್ಯೂಬಾದ ಬೇಸ್‌ಬಾಲ್ ಪಿಚರ್, ಅಂದರೆ ಚೆಂಡು ಎಸೆಯುವವರು. 1965ರಲ್ಲಿ ಹುಟ್ಟಿದವರು. ಹವಾನಾದ ಇಂಡಸ್ಟ್ರಿಯಾಲೆಸ್ ತಂಡಕ್ಕೆ ಹತ್ತು ವರ್ಷ ಆಡಿ ದೇಶದ ಕಣ್ಮಣಿ ಆಗಿದ್ದರು. 1996ರಲ್ಲಿ ಅದೇ ದೇಶ ಅವರನ್ನು ಆಟದಿಂದ ಹೊರಗೆ ಹಾಕಿತು. 1997ರ ಡಿಸೆಂಬರ್‌ನಲ್ಲಿ ಅವರು ದೋಣಿ ಹತ್ತಿದರು. ಅಲ್ಲಿಂದ ಹತ್ತು ತಿಂಗಳಿಗೆ ನ್ಯೂಯಾರ್ಕ್ ಯಾಂಕೀಸ್ ತಂಡದ ಜೊತೆ ಅಮೆರಿಕದ ಬೇಸ್‌ಬಾಲ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿದ್ದರು.

ಇದನ್ನು ಎಲ್ಲರೂ ಸಾಹಸದ ಕಥೆ ಮಾಡಿ ಹೇಳುತ್ತಾರೆ. ದೋಣಿ, ಸಮುದ್ರ, ಡಾಲರ್, ಟ್ರೋಫಿ. ನನಗೆ ಅದಕ್ಕಿಂತ ಹೆಚ್ಚು ಕಾಡುವುದು ಬೇರೆ ಮಾತು: ಈ ಮನುಷ್ಯನಿಗೆ ಹೋಗುವ ಮನಸ್ಸಿರಲಿಲ್ಲ. ಆಡಲು ಬಿಟ್ಟಿದ್ದರೆ ಬಹುಶಃ ಅಲ್ಲೇ ಇರುತ್ತಿದ್ದರು. ಕೆಳಗಿನ ಉತ್ತರಗಳನ್ನು ಓದುವಾಗ ಅದೊಂದು ನೆನಪಿರಲಿ.

"ಎಲ್ ಡೂಕೆ" ಅಂದರೆ ಏನು?

ಸ್ಪ್ಯಾನಿಷ್‌ನಲ್ಲಿ ಡ್ಯೂಕ್ ಅಂತ. ಹೆಸರು ಅಪ್ಪನಿಂದ ಬಂದದ್ದು. ಅಪ್ಪ ಅರ್ನಾಲ್ಡೊ ಕೂಡ ಕ್ಯೂಬಾದಲ್ಲಿ ಪಿಚರ್ ಆಗಿದ್ದರು, ಅವರನ್ನೂ ಜನ ಎಲ್ ಡೂಕೆ ಎಂದೇ ಕರೆಯುತ್ತಿದ್ದರು. ಚಿಕ್ಕ ಮಗ ಲಿವಾನ್ ಕೂಡ ಪಿಚರ್. ಒರ್ಲಾಂಡೊ, ಲಿವಾನ್ ಒಬ್ಬನೇ ಅಪ್ಪನ ಮಕ್ಕಳು, ತಾಯಂದಿರು ಬೇರೆ.

ನನಗೆ ಬೇಸ್‌ಬಾಲ್ ಗೊತ್ತಿಲ್ಲ. ಪಿಚರ್ ಅಂದರೆ ನಮ್ಮ ಬೌಲರ್ ಥರಾನಾ?

ಹತ್ತಿರ ಹತ್ತಿರ ಹಾಗೇ. ಆದರೆ ಓಡಿ ಬರುವ ಹಾಗಿಲ್ಲ. ಸ್ವಲ್ಪ ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತು, ಮೊಣಕೈ ಮಡಚಿ ಎಸೆಯಬೇಕು. ಬ್ಯಾಟರ್ ಇರುವುದು ಸುಮಾರು 18 ಮೀಟರ್ ದೂರದಲ್ಲಿ. ಚೆಂಡು ನೆಲಕ್ಕೆ ಬೀಳುವುದಿಲ್ಲ, ಗಾಳಿಯಲ್ಲೇ ತಿರುಗಬೇಕು. ಪಂದ್ಯಕ್ಕೆ ಒಂಬತ್ತು ಇನಿಂಗ್ಸ್, ಒಂದೊಂದರಲ್ಲೂ ಮೂರು ಔಟ್. ಬ್ಯಾಟರ್ ಮೂರು ಬೇಸ್‌ಗಳನ್ನು ದಾಟಿ ಹೊರಟ ಜಾಗಕ್ಕೆ ವಾಪಸ್ ಬಂದರೆ ಒಂದು ರನ್. ಪಂದ್ಯ ಶುರು ಮಾಡುವ ಪಿಚರ್ ಐದೋ ಆರೋ ಏಳೋ ಇನಿಂಗ್ಸ್ ಒಬ್ಬರೇ ಎಸೆದು, ಆಮೇಲೆ ನಾಲ್ಕು ದಿನ ವಿಶ್ರಾಂತಿ ತೆಗೆದುಕೊಳ್ಳುತ್ತಾರೆ. ಒಂಬತ್ತು ಇನಿಂಗ್ಸಿಗೆ ಸರಾಸರಿ ಎಷ್ಟು ರನ್ ಕೊಟ್ಟರು ಅನ್ನುವ ಲೆಕ್ಕಕ್ಕೆ ಈಆರ್‌ಎ ಅಂತಾರೆ. ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ಇಷ್ಟು ಗೊತ್ತಿದ್ದರೆ ಸಾಕು.

ಕ್ಯೂಬಾದಲ್ಲಿ ಅವರು ಅಷ್ಟು ದೊಡ್ಡ ಆಟಗಾರರಾ?

ಹೌದು. ಕ್ಯೂಬಾದ ನ್ಯಾಷನಲ್ ಸೀರೀಸ್‌ನಲ್ಲಿ 126 ಗೆಲುವು, 47 ಸೋಲು. ನೂರು ಪಂದ್ಯದಲ್ಲಿ ಸುಮಾರು 73 ಗೆಲುವು ಅಂದ ಹಾಗಾಯಿತು. ಆ ಲೀಗಿನ ಇತಿಹಾಸದಲ್ಲೇ ಇದಕ್ಕಿಂತ ಒಳ್ಳೆಯ ಗೆಲುವಿನ ಸರಾಸರಿ ಯಾರದೂ ಇರಲಿಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಕ್ಯೂಬಾ ತಂಡದಲ್ಲೂ ಇದ್ದರು.

ಇದಕ್ಕೆಲ್ಲ ಸಂಬಳ ಎಷ್ಟು ಅಂತ ಕೇಳಬೇಡಿ. ಕ್ರಾಂತಿಯ ನಂತರ, 1961ರಲ್ಲಿ, ಕ್ಯೂಬಾ ವೃತ್ತಿಪರ ಆಟವನ್ನೇ ನಿಲ್ಲಿಸಿತ್ತು. ಆಟಗಾರರಿಗೆ ಬೇರೆ ಕೆಲಸಗಾರರ ಹಾಗೇ ಸರ್ಕಾರದ ಸಣ್ಣ ಸಂಬಳ. ಅದಕ್ಕೆ ಬದಲಾಗಿ ಸಿಗುತ್ತಿದ್ದದ್ದು ಜನರ ಪ್ರೀತಿ. ಹವಾನಾದಲ್ಲಿ ಇಂಡಸ್ಟ್ರಿಯಾಲೆಸ್ ಅಂದರೆ ಜನ ಪ್ರಾಣ ಬಿಡುತ್ತಾರೆ. ಆ ತಂಡದ ಮುಖ್ಯ ಪಿಚರ್ ಊರಿಗೆಲ್ಲ ಮನೆಮಗ ಇದ್ದ ಹಾಗೆ.

ಹಾಗಿದ್ದ ಮೇಲೆ ನಿಷೇಧ ಯಾಕೆ?

ತಮ್ಮನಿಂದ ಶುರುವಾಯಿತು. 1995ರ ಸೆಪ್ಟೆಂಬರ್‌ನಲ್ಲಿ ಕ್ಯೂಬಾ ತಂಡ ಮೆಕ್ಸಿಕೊದ ಮೊಂಟೆರ್ರೆಯಲ್ಲಿ ಇದ್ದಾಗ ಲಿವಾನ್ ತಂಡ ಬಿಟ್ಟು ಹೊರಟುಹೋದ. ಆಗ ಅವನಿಗಿನ್ನೂ 20 ವರ್ಷ. 1996ರ ಶುರುವಿನಲ್ಲಿ ಫ್ಲೋರಿಡಾ ಮಾರ್ಲಿನ್ಸ್ ತಂಡ ಅವನನ್ನು 45 ಲಕ್ಷ ಡಾಲರಿಗೆ ಸೇರಿಸಿಕೊಂಡಿತು. ಇತ್ತ ಹವಾನಾದಲ್ಲಿ ಅಣ್ಣನ ಮೇಲೆ ಕಣ್ಣು ಬಿತ್ತು. ಮುಂದೆ ಹೋಗುವವನು ಇವನೇ ಅಂತ ಅಧಿಕಾರಿಗಳಿಗೆ ಅನುಮಾನ. 1996ರ ಅಟ್ಲಾಂಟಾ ಒಲಿಂಪಿಕ್ಸ್ ತಂಡದಿಂದ ಅವರನ್ನು ಬಿಟ್ಟರು. ಆ ತಂಡದ ಇನ್ನೊಬ್ಬ ದೊಡ್ಡ ಪಿಚರ್ ರೊಲಾಂಡೊ ಅರ್ರೋಹೊ ಒಲಿಂಪಿಕ್ಸ್‌ಗೆ ಸ್ವಲ್ಪ ಮೊದಲೇ ಅಮೆರಿಕದಲ್ಲಿ ತಂಡ ತೊರೆದರು. ಸರ್ಕಾರದ ಸಿಟ್ಟು ಇನ್ನೂ ಜಾಸ್ತಿ ಆಯಿತು.

ಅದೇ ಆಗಸ್ಟ್‌ನಲ್ಲಿ ಹುವಾನ್ ಇಗ್ನಾಸಿಯೊ ಹೆರ್ನಾಂಡೆಸ್ ನೋದಾರ್ ಎಂಬುವರನ್ನು ಕ್ಯೂಬಾದಲ್ಲಿ ಬಂಧಿಸಿದರು. ಅವರು ಮಿಯಾಮಿಯ ಏಜೆಂಟ್ ಜೋ ಕ್ಯೂಬಾಸ್ ಅವರ ಸಂಬಂಧಿ. ಆಟಗಾರರನ್ನು ದೇಶ ಬಿಡಲು ಪುಸಲಾಯಿಸಿದರು ಅನ್ನುವುದು ಆರೋಪ. 15 ವರ್ಷ ಜೈಲು ಶಿಕ್ಷೆ ಆಯಿತು. ಆ ವಿಚಾರಣೆಯ ಬೆನ್ನಿಗೇ, ಅಕ್ಟೋಬರ್‌ನಲ್ಲಿ, ಮೂವರು ಆಟಗಾರರಿಗೆ ಜೀವಮಾನದ ನಿಷೇಧ: ಎಲ್ ಡೂಕೆ, ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಹೆರ್ಮನ್ ಮೇಸಾ, ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) ಆಲ್ಬರ್ಟೊ ಹೆರ್ನಾಂಡೆಸ್.

ಗಮನಿಸಿ. ಈ ಮೂವರೂ ಇನ್ನೂ ಕ್ಯೂಬಾದಲ್ಲೇ ಇದ್ದರು. ಓಡಿಹೋಗಲು ಎಷ್ಟೋ ವಿದೇಶ ಪ್ರವಾಸಗಳು ಸಿಕ್ಕಿದ್ದವು. ಎಲ್ ಡೂಕೆ ಪ್ರತಿ ಸಲವೂ ಮನೆಗೆ ವಾಪಸ್ ಬಂದಿದ್ದರು. ಬಂದವರಿಗೇ ಶಿಕ್ಷೆ ಕೊಟ್ಟರು ಅನ್ನುವುದು ನನಗೆ ಈಗಲೂ ನುಂಗಲಾಗದ ವಿಷಯ.

ನಿಷೇಧದ ಆಮೇಲೆ ಹೊಟ್ಟೆಪಾಡಿಗೆ ಏನು ಮಾಡಿದರು?

ಹವಾನಾದ ದೊಡ್ಡ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ. ಅಲ್ಲಿಯ ಜನ ಅದನ್ನು ಮಸೋರಾ ಅಂತಾರೆ. ರೋಗಿಗಳಿಗೆ ವ್ಯಾಯಾಮ, ಆಟ ಮಾಡಿಸುವ ಕೆಲಸ. ತಿಂಗಳಿಗೆ ಸುಮಾರು 200 ಪೆಸೊ, ಅಂದರೆ 10 ಡಾಲರಿಗೂ ಕಡಿಮೆ.

ಈ ಹೊತ್ತಿನಲ್ಲೇ, 1997ರ ಅಕ್ಟೋಬರ್‌ನಲ್ಲಿ, ತಮ್ಮ ಲಿವಾನ್ ಮಾರ್ಲಿನ್ಸ್ ಜೊತೆ ವರ್ಲ್ಡ್ ಸೀರೀಸ್ ಗೆದ್ದ. ಸರಣಿಯ ಅತ್ಯುತ್ತಮ ಆಟಗಾರನೂ ಅವನೇ. ಅಣ್ಣ ಹವಾನಾದಲ್ಲಿ, ಸ್ಟೇಡಿಯಂ ಒಳಗೆ ಕಾಲಿಡುವ ಹಾಗಿಲ್ಲದೆ. ಆಗ ಅಣ್ಣನಿಗೆ 32. ಪಿಚರ್ ತೋಳಿಗೆ ಅದು ಕಾಯುವ ವಯಸ್ಸಲ್ಲ. ಎರಡು ತಿಂಗಳಲ್ಲಿ ಅವರು ಸಮುದ್ರ ತೀರದಲ್ಲಿದ್ದರು.

ತೆಪ್ಪದಲ್ಲಿ ಬಂದರು ಅಂತಾರೆ. ನಿಜವಾ?

ಅಲ್ಲ. ಮೊದಲ ದಿನಗಳಲ್ಲಿ ಪತ್ರಿಕೆಗಳು ಹಾಗೆ ಬರೆದವು, ಸೋರುವ ತೆಪ್ಪ ಎಂದೂ ಬರೆದವು. ನಿಜವಾಗಿ ಅದು ಮೋಟಾರ್ ಇದ್ದ ಮೀನುಗಾರಿಕೆ ದೋಣಿ. 1997ರ ಡಿಸೆಂಬರ್ 26ರಂದು ಕ್ಯೂಬಾದ ಉತ್ತರ ತೀರದ ಕೈಬರಿಯೆನ್‌ನಿಂದ ಹೊರಟಿತು. ಪೋಪ್ ಬರುವವರಿದ್ದರು ಅಂತ ಆ ವರ್ಷ ಕ್ಯೂಬಾ ಸರ್ಕಾರ ಬಹಳ ವರ್ಷಗಳ ನಂತರ ಕ್ರಿಸ್‌ಮಸ್‌ಗೆ ರಜೆ ಕೊಟ್ಟಿತ್ತು. ಹೊರಟಿದ್ದು ಅದರ ಮರುದಿನ. ಒಟ್ಟು 8 ಜನ. ನಿಷೇಧಕ್ಕೆ ಒಳಗಾಗಿದ್ದ ಕ್ಯಾಚರ್ ಆಲ್ಬರ್ಟೊ ಕೂಡ ಅದರಲ್ಲಿದ್ದರು.

ದೋಣಿ ಅವರನ್ನು ಬಹಾಮಾಸ್‌ಗೆ ಸೇರಿದ ಅಂಗ್ವಿಲಾ ಕೇ ಎಂಬ ಜನವಿಲ್ಲದ ದ್ವೀಪದಲ್ಲಿ ಇಳಿಸಿತು. ಅಲ್ಲಿಂದ ಕರೆದೊಯ್ಯಲು ಇನ್ನೊಂದು ದೋಣಿ ಬರಬೇಕಿತ್ತು. ಬರಲಿಲ್ಲ. ಕೈಯಲ್ಲಿ ಸ್ವಲ್ಪ ತಿನ್ನಲು, ಸ್ವಲ್ಪ ನೀರು. ಕೆಲವು ದಿನ ಹಾಗೇ ಕಳೆದ ಮೇಲೆ ಅಮೆರಿಕದ ಕೋಸ್ಟ್ ಗಾರ್ಡ್ ಕಣ್ಣಿಗೆ ಬಿದ್ದರು. ಬಹಾಮಾಸ್‌ನ ಬಂಧನ ಶಿಬಿರಕ್ಕೆ ಕಳಿಸಿದರು.

ತೆಪ್ಪ ಅಲ್ಲ ಅಂದ ಮಾತ್ರಕ್ಕೆ ಕಷ್ಟ ಕಡಿಮೆ ಅಂತ ಅಲ್ಲ. ಸಿಕ್ಕಿಬಿದ್ದಿದ್ದರೆ ಜೈಲು. ದೋಣಿ ಮುಳುಗಿದ್ದರೆ ಹೆಸರೂ ಉಳಿಯುತ್ತಿರಲಿಲ್ಲ. ಕ್ಯೂಬಾ ಮತ್ತು ಫ್ಲೋರಿಡಾ ನಡುವಿನ ಆ ನೀರಿನಲ್ಲಿ ಸತ್ತ ಸಾಮಾನ್ಯ ಜನರ ಲೆಕ್ಕ ಯಾರ ಹತ್ತಿರವೂ ಸರಿಯಾಗಿ ಇಲ್ಲ. ಕಥೆಗೆ ಸುಣ್ಣಬಣ್ಣ ಬೇಕಾಗಿಯೇ ಇರಲಿಲ್ಲ.

ಅಮೆರಿಕ ವೀಸಾ ಕೊಡುತ್ತೇವೆ ಅಂದರೂ ಕೋಸ್ಟರಿಕಾಕ್ಕೆ ಹೋದರಂತೆ. ಯಾಕೆ?

ಎರಡು ಕಾರಣ ಇದ್ದವು. ಮೊದಲನೆಯದು, ಅಮೆರಿಕ ವೀಸಾ ಕೊಡುತ್ತೇನೆ ಎಂದಿದ್ದು ಮೂವರಿಗೆ ಮಾತ್ರ. ಜೊತೆಗೆ ಬಂದ ಉಳಿದವರ ಗತಿ?

ಎರಡನೆಯದು ಬೇಸ್‌ಬಾಲ್ ನಿಯಮ. ಅಮೆರಿಕದಲ್ಲಿ ನೆಲೆಸಿದ ಹೊಸ ಆಟಗಾರ ಡ್ರಾಫ್ಟ್‌ಗೆ ಬರಬೇಕು. ಅಂದರೆ ಒಂದು ತಂಡ ಅವನನ್ನು ಆರಿಸಿಕೊಳ್ಳುತ್ತದೆ, ಆ ತಂಡದ ಜೊತೆ ಮಾತ್ರ ಅವನು ಚೌಕಾಸಿ ಮಾಡಬಹುದು. ಬೇರೆ ದೇಶದಲ್ಲಿ ನೆಲೆಸಿದರೆ ಅವನು ಫ್ರೀ ಏಜೆಂಟ್. ಯಾವ ತಂಡ ಹೆಚ್ಚು ಕೊಡುತ್ತದೋ ಅಲ್ಲಿಗೆ ಹೋಗಬಹುದು. 1991ರಲ್ಲಿ ಮೊದಲು ತಂಡ ತೊರೆದ ರೆನೆ ಅರೋಚಾಗೆ ಈ ದಾರಿ ಇರಲಿಲ್ಲ, ಅವರನ್ನು ತಂಡಗಳ ನಡುವೆ ಚೀಟಿ ಎತ್ತಿ ಹಂಚಿದ್ದರು. ಬೇರೆ ದೇಶದ ದಾರಿ ಕಂಡುಹಿಡಿದು ಬಳಸಿಕೊಂಡವರು ಏಜೆಂಟ್ ಜೋ ಕ್ಯೂಬಾಸ್.

ಇದನ್ನು ದುರಾಸೆ ಅಂತ ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಜೀವನವಿಡೀ ದುಡಿದದ್ದಕ್ಕೆ ಸರಿಯಾದ ಬೆಲೆ ಸಿಗದವನು ಒಂದು ಸಲ ಬೆಲೆ ಕೇಳಿದರೆ ತಪ್ಪೇನು? 1998ರ ಮಾರ್ಚ್‌ನಲ್ಲಿ ಯಾಂಕೀಸ್ ನಾಲ್ಕು ವರ್ಷಕ್ಕೆ 66 ಲಕ್ಷ ಡಾಲರ್ ಕೊಟ್ಟು ಸಹಿ ಹಾಕಿಸಿಕೊಂಡಿತು.

ವಯಸ್ಸಿನ ಬಗ್ಗೆ ಸುಳ್ಳು ಹೇಳಿದ್ದರಾ?

ಅಮೆರಿಕಕ್ಕೆ ಬಂದಾಗ ಹುಟ್ಟಿದ್ದು 1969ರಲ್ಲಿ ಅಂತ ದಾಖಲಾಗಿತ್ತು. ಆಮೇಲೆ ಕ್ಯೂಬಾದ ವಿಚ್ಛೇದನದ ಕಾಗದ ಹೊರಬಂದು 1965 ಅಂತ ಗೊತ್ತಾಯಿತು. ನಾಲ್ಕು ವರ್ಷದ ವ್ಯತ್ಯಾಸ. 28ರ ಪಿಚರ್‌ಗೂ 32ರ ಪಿಚರ್‌ಗೂ ತಂಡಗಳು ಕೊಡುವ ಹಣ ಬೇರೆ ಬೇರೆ, ಕಾರಣ ಊಹಿಸಬಹುದು. ತಪ್ಪು ತಪ್ಪೇ. ಆದರೆ ಇದರಿಂದ ನನಗೆ ಅವರ ಬಗ್ಗೆ ಗೌರವ ಹೆಚ್ಚಾಯಿತು. ಬೇರೆಯವರು ಇಳಿಮುಖ ಆಗುವ ವಯಸ್ಸಿನಲ್ಲಿ ಇವರು ಶುರು ಮಾಡಿದ್ದಾರೆ, ಅಲ್ವಾ?

ಯಾಂಕೀಸ್‌ನಲ್ಲಿ ಮೊದಲ ಅವಕಾಶ ನಾಯಿಯಿಂದ ಸಿಕ್ಕಿತಂತೆ?

ಹೌದು! ಯಾಂಕೀಸ್ ಪಿಚರ್ ಡೇವಿಡ್ ಕೋನ್ ಅವರ ಬೆರಳನ್ನು ಅವರ ತಾಯಿ ಸಾಕಿದ್ದ ನಾಯಿ ಕಚ್ಚಿತು. ಅವರ ಜಾಗಕ್ಕೆ ಕೆಳಹಂತದ ಮೈನರ್ ಲೀಗ್‌ನಿಂದ ಎಲ್ ಡೂಕೆಗೆ ಕರೆ ಬಂತು. 1998ರ ಜೂನ್ 3, ಎದುರಾಳಿ ಟ್ಯಾಂಪಾ ಬೇ. ಏಳು ಇನಿಂಗ್ಸ್, ಒಂದೇ ರನ್, 7-1 ಗೆಲುವು. ಮತ್ತೆ ಅವರನ್ನು ಕೆಳಗೆ ಕಳಿಸುವ ಮಾತೇ ಬರಲಿಲ್ಲ. ಆ ವರ್ಷ 12 ಗೆಲುವು, 4 ಸೋಲು, ಈಆರ್‌ಎ 3.13.

ಅವರು ದೊಡ್ಡ ಪಂದ್ಯಗಳ ಪಿಚರ್ ಅಂತಾರೆ. ಅಂಥದ್ದೇನು ಮಾಡಿದರು?

1998ರ ಯಾಂಕೀಸ್ ಆ ಸೀಸನ್‌ನಲ್ಲಿ 114 ಪಂದ್ಯ ಗೆದ್ದ ತಂಡ. ಆದರೆ ಪ್ಲೇಆಫ್‌ನಲ್ಲಿ, ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಸಿಗುವ ಸರಣಿಯಲ್ಲಿ, ಕ್ಲೀವ್‌ಲ್ಯಾಂಡ್ ವಿರುದ್ಧ 2-1ರಿಂದ ಹಿಂದೆ ಬಿತ್ತು. ನಾಲ್ಕನೇ ಪಂದ್ಯ ಎದುರಾಳಿಯ ಊರಿನಲ್ಲಿ. ಸೋತರೆ 3-1, ಬಹುಮಟ್ಟಿಗೆ ಕಥೆ ಮುಗಿದ ಹಾಗೆ. ಚೆಂಡು ಕೊಟ್ಟಿದ್ದು ಎರಡು ವಾರದಿಂದ ಒಂದು ಪಂದ್ಯವನ್ನೂ ಆಡದೆ ಕೂತಿದ್ದ ಎಲ್ ಡೂಕೆಗೆ. ಏಳು ಇನಿಂಗ್ಸ್ ಎಸೆದರು, ಒಂದು ರನ್ನೂ ಕೊಡಲಿಲ್ಲ. ಯಾಂಕೀಸ್ 4-0 ಗೆಲುವು. ಅಲ್ಲಿಂದ ಆ ವರ್ಷ ತಂಡ ಮತ್ತೆ ಸೋಲಲೇ ಇಲ್ಲ. ವರ್ಲ್ಡ್ ಸೀರೀಸ್‌ನ ಎರಡನೇ ಪಂದ್ಯವನ್ನೂ ಇವರೇ ಗೆದ್ದುಕೊಟ್ಟರು.

ಒತ್ತಡ ಅನಿಸಲಿಲ್ಲವೇ ಅಂತ ಪತ್ರಕರ್ತರು ಕೇಳುತ್ತಲೇ ಇದ್ದರು. ಹತ್ತು ತಿಂಗಳ ಹಿಂದೆ ಜನವಿಲ್ಲದ ದ್ವೀಪದಲ್ಲಿ ದೋಣಿಗಾಗಿ ಕಾದವರನ್ನು ಕೇಳುವ ಪ್ರಶ್ನೆಯೇ ಅದು?

1999ರಲ್ಲಿ 17 ಗೆಲುವು. ಬೋಸ್ಟನ್ ವಿರುದ್ಧದ ಸರಣಿಯ ಅತ್ಯುತ್ತಮ ಆಟಗಾರ. ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲಿ ಅಟ್ಲಾಂಟಾಗೆ ಏಳು ಇನಿಂಗ್ಸ್‌ನಲ್ಲಿ ಒಂದೇ ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಕೊಟ್ಟು 10 ಜನರನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದರು. ಪ್ಲೇಆಫ್‌ಗಳಲ್ಲಿ ಮೊದಲ ಎಂಟು ಫಲಿತಾಂಶಗಳೂ ಗೆಲುವೇ. ಮೊದಲ ಸೋಲು 2000ದ ವರ್ಲ್ಡ್ ಸೀರೀಸ್‌ನಲ್ಲಿ, ನ್ಯೂಯಾರ್ಕಿನದೇ ಇನ್ನೊಂದು ತಂಡ ಮೆಟ್ಸ್ ವಿರುದ್ಧ. ಅವತ್ತೂ 12 ಸ್ಟ್ರೈಕ್‌ಔಟ್ ಮಾಡಿದ್ದರು.

ಮಕ್ಕಳನ್ನು ಕ್ಯೂಬಾದಲ್ಲೇ ಬಿಟ್ಟು ಬಂದಿದ್ದರಾ?

ಹೌದು. ಇಬ್ಬರು ಹೆಣ್ಣುಮಕ್ಕಳು, ತಾಯಿ, ಮೊದಲ ಹೆಂಡತಿ ಎಲ್ಲರೂ ಅಲ್ಲೇ ಉಳಿದಿದ್ದರು. ಹೀಗೆ ಬಂದ ಎಷ್ಟೋ ಆಟಗಾರರು ವರ್ಷಗಟ್ಟಲೆ ಮಕ್ಕಳ ಮುಖ ನೋಡಿಲ್ಲ. ಇವರ ಪುಣ್ಯ, ನ್ಯೂಯಾರ್ಕಿನ ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್ ಜಾನ್ ಒ'ಕಾನರ್ ಮಧ್ಯೆ ಬಂದು ಫಿಡೆಲ್ ಕ್ಯಾಸ್ಟ್ರೊಗೆ ಮನವಿ ಮಾಡಿದರು. ಕ್ಯಾಸ್ಟ್ರೊ ಒಪ್ಪಿದರು. 1998ರ ಅಕ್ಟೋಬರ್‌ನಲ್ಲಿ, ಯಾಂಕೀಸ್ ವಿಜಯದ ಮೆರವಣಿಗೆಗೆ ಸರಿಯಾಗಿ, ಅವರೆಲ್ಲ ನ್ಯೂಯಾರ್ಕ್ ತಲುಪಿದರು. ಈ ಇಡೀ ಕಥೆಯಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಡುವ ಭಾಗ ಇದು, ಯಾವ ಪಂದ್ಯವೂ ಅಲ್ಲ.

ಎಸೆಯುವ ಮೊದಲು ಕಾಲನ್ನು ಅಷ್ಟು ಮೇಲೆ ಎತ್ತುವುದು ಏಕೆ?

ಎಡಗಾಲು ಮಡಚಿ ಮೊಣಕಾಲನ್ನು ಮುಖದ ಹತ್ತಿರ ತರುತ್ತಿದ್ದರು. ಫೋಟೊದಲ್ಲಿ ನೋಡಿದರೆ ಮೊಣಕಾಲಿನ ಹಿಂದಿನಿಂದ ಕಣ್ಣು ಮಾತ್ರ ಇಣುಕುತ್ತಿರುತ್ತದೆ. ಅಷ್ಟು ಹೊತ್ತು ಚೆಂಡು ಬ್ಯಾಟರ್‌ಗೆ ಕಾಣುವುದೇ ಇಲ್ಲ. ಕೈ ಒಮ್ಮೆ ತಲೆಯ ಮೇಲಿಂದ ಬರುತ್ತದೆ, ಒಮ್ಮೆ ಪಕ್ಕದಿಂದ. ಅವರಿಗೆ ಭಾರಿ ವೇಗ ಇರಲಿಲ್ಲ, ಬ್ಯಾಟರ್‌ನ ಲೆಕ್ಕ ತಪ್ಪಿಸುವುದೇ ಅವರ ಬಂಡವಾಳ.

ಇನ್ನೊಂದು ಇತ್ತು. ಈಫಸ್ ಅಂತ. ಮಕ್ಕಳಿಗೆ ಎಸೆದ ಹಾಗೆ ನಿಧಾನವಾಗಿ, ಕಮಾನಿನ ಥರ ಮೇಲೆ ಹೋಗಿ ಬೀಳುವ ಚೆಂಡು. ದೊಡ್ಡ ದೊಡ್ಡ ಬ್ಯಾಟರ್‌ಗಳು ಅದಕ್ಕೆ ತಬ್ಬಿಬ್ಬಾಗಿದ್ದಾರೆ. 2002ರಲ್ಲಿ ಅಲೆಕ್ಸ್ ರಾಡ್ರಿಗಸ್ ಅದಕ್ಕೆ ನಮ್ಮ ಸಿಕ್ಸರ್ ಥರದ ಹೋಮ್ ರನ್ ಬಾರಿಸಿದ್ದೂ ಉಂಟು. ಅಷ್ಟಕ್ಕೇ ಆ ಚೆಂಡನ್ನು ಬಿಡಲಿಲ್ಲ.

ಗ್ಲೌಸ್ ಸಮೇತ ಚೆಂಡು ಎಸೆದದ್ದು ಇವರೇನಾ?

ಇವರೇ. 1999ರ ಜೂನ್ 5, ಎದುರಾಳಿ ಮೆಟ್ಸ್. ರೇ ಒರ್ಡೊನ್ಯೆಸ್ ಹೊಡೆದ ಚೆಂಡು ಇವರ ಗ್ಲೌಸ್‌ನಲ್ಲಿ ಸಿಕ್ಕಿಹಾಕಿಕೊಂಡಿತು. ಬಿಡಿಸಲು ಆಗಲಿಲ್ಲ. ಇಡೀ ಗ್ಲೌಸನ್ನೇ ಕಳಚಿ ಫಸ್ಟ್ ಬೇಸ್‌ನಲ್ಲಿದ್ದ ಟೀನೊ ಮಾರ್ಟಿನೆಸ್‌ಗೆ ಎಸೆದರು. ಬ್ಯಾಟರ್ ಆ ಬೇಸ್ ತಲುಪುವ ಮೊದಲೇ ಅವರು ಹಿಡಿದರು. ಅಂಪೈರ್ ಔಟ್ ಕೊಟ್ಟರು. ಔಟಾದ ಒರ್ಡೊನ್ಯೆಸ್ ಕೂಡ 1993ರಲ್ಲಿ ಕ್ಯೂಬಾ ತಂಡ ತೊರೆದು ಬಂದವರೇ.

ಅಣ್ಣ ತಮ್ಮ ಒಂದೇ ತಂಡದಲ್ಲಿ ಆಡಿದ್ದಾರಾ?

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. 2003ರಲ್ಲಿ ಇಬ್ಬರೂ ಮಾಂಟ್ರಿಯಲ್ ಎಕ್ಸ್‌ಪೋಸ್ ತಂಡಕ್ಕೆ ಬಂದರು. ಆದರೆ ಅಣ್ಣನ ಭುಜಕ್ಕೆ ಶಸ್ತ್ರಚಿಕಿತ್ಸೆ ಆಗಿ ಆ ವರ್ಷ ಒಂದು ಚೆಂಡನ್ನೂ ಎಸೆಯಲಾಗಲಿಲ್ಲ.

ಅಮೇರಿಕದಲ್ಲಿ ಎಷ್ಟು ವರ್ಷ ಆಡಿದರು? ಹಾಲ್ ಆಫ್ ಫೇಮ್‌ನಲ್ಲಿ ಇದ್ದಾರಾ?

2004ರಲ್ಲಿ ಮತ್ತೆ ಯಾಂಕೀಸ್, 2005ರಲ್ಲಿ ಷಿಕಾಗೊ ವೈಟ್ ಸಾಕ್ಸ್, 2006ರಲ್ಲಿ ಸ್ವಲ್ಪ ದಿನ ಅರಿಜೋನಾ, ಆಮೇಲೆ ಮೆಟ್ಸ್. ಕೊನೆಯ ಪಂದ್ಯ 2007ರಲ್ಲಿ. ಅದಾದ ಮೇಲೂ ಮೈನರ್ ಲೀಗ್‌ನಲ್ಲಿ ಪ್ರಯತ್ನ ಮಾಡಿದರು, 2011ರಲ್ಲಿ ನಿವೃತ್ತಿ ಹೇಳಿದರು. ಒಟ್ಟು 90 ಗೆಲುವು, 65 ಸೋಲು, ಈಆರ್‌ಎ 4.13. ಪ್ಲೇಆಫ್‌ಗಳಲ್ಲಿ 9 ಗೆಲುವು, 3 ಸೋಲು, ಈಆರ್‌ಎ 2.55. ನಾಲ್ಕು ವರ್ಲ್ಡ್ ಸೀರೀಸ್ ಉಂಗುರ.

ಬೇಸ್‌ಬಾಲ್ ದಿಗ್ಗಜರಿಗೆ ಸಿಗುವ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್‌ನಲ್ಲಿ ಇಲ್ಲ. ಅದರ ಪಟ್ಟಿಗೆ ಬರಲು ಹತ್ತು ಸೀಸನ್ ಆಡಿರಬೇಕು. ಇವರು ಆಡಿದ್ದು ಒಂಬತ್ತು. ಬರೀ 90 ಗೆಲುವು ಅಂತ ಮೂಗು ಮುರಿಯುವವರಿಗೆ ನನ್ನ ಉತ್ತರ ಒಂದೇ: ಅದಕ್ಕೆ ಕ್ಯೂಬಾದ 126 ಸೇರಿಸಿ, ನಡುವೆ ಕಿತ್ತುಕೊಂಡ ಒಂದೂವರೆ ವರ್ಷವನ್ನೂ ನೆನಪಿಡಿ.

ದೇಶ ಬಿಟ್ಟು ಬಂದವರು ದ್ರೋಹಿಗಳಲ್ಲವೇ?

ಕ್ಯೂಬಾ ಸರ್ಕಾರ ಬಹಳ ಕಾಲ ಹಾಗೇ ಹೇಳಿತು. ಅವರ ವಾದದಲ್ಲಿ ಒಂದು ಮಾತು ನಿಜ. ಬಡ ದೇಶವೊಂದು ತನ್ನ ಮಕ್ಕಳಿಗೆ ಬಿಟ್ಟಿಯಾಗಿ ಆಟ ಕಲಿಸಿ ಬೆಳೆಸುತ್ತದೆ, ಶ್ರೀಮಂತ ದೇಶ ಬೆಳೆದ ಹಣ್ಣನ್ನು ಕಿತ್ತುಕೊಳ್ಳುತ್ತದೆ. ಇದನ್ನು ಸುಮ್ನೆ ತಳ್ಳಿಹಾಕಲಾಗದು. ಆದರೆ ಎಲ್ ಡೂಕೆ ವಿಷಯದಲ್ಲಿ ಆ ವಾದ ನಿಲ್ಲುವುದಿಲ್ಲ. ಆಡಬೇಡ ಅಂದವರು ಯಾರು? ಅಮೆರಿಕ ಅಲ್ಲ.

ಅಮೆರಿಕದ ಪಾಲೂ ಇದೆ. ಆರ್ಥಿಕ ದಿಗ್ಬಂಧನ ಇದ್ದುದರಿಂದ ಕ್ಯೂಬಾದಲ್ಲಿ ವಾಸವಿರುವ ಆಟಗಾರನನ್ನು ಅಮೆರಿಕದ ತಂಡ ಸೇರಿಸಿಕೊಳ್ಳುವಂತಿಲ್ಲ. ದೇಶ ಬಿಟ್ಟರೆ ಮಾತ್ರ ಕೆಲಸ. ಎರಡು ಸರ್ಕಾರಗಳ ಜಗಳದಲ್ಲಿ ಆಟಗಾರರಿಗೆ ಉಳಿದ ದಾರಿ ಸಮುದ್ರ ಒಂದೇ.

ಈಗಲೂ ಹೀಗೇ ಓಡಿಬರಬೇಕಾ?

2018ರ ಡಿಸೆಂಬರ್‌ನಲ್ಲಿ ಅಮೆರಿಕದ ಮೇಜರ್ ಲೀಗ್ ಮತ್ತು ಕ್ಯೂಬಾ ಬೇಸ್‌ಬಾಲ್ ಫೆಡರೇಷನ್ ಒಪ್ಪಂದಕ್ಕೆ ಬಂದವು. ತಂಡಗಳು ಫೆಡರೇಷನ್‌ಗೆ ಹಣ ಕೊಟ್ಟು ಆಟಗಾರನನ್ನು ಕಾನೂನಿನಂತೆ ಕರೆದೊಯ್ಯಬಹುದಿತ್ತು. ಅವನು ರಜೆಗೆ ಮನೆಗೂ ಹೋಗಬಹುದಿತ್ತು. ನಾಲ್ಕೇ ತಿಂಗಳಲ್ಲಿ, 2019ರ ಏಪ್ರಿಲ್‌ನಲ್ಲಿ, ಟ್ರಂಪ್ ಸರ್ಕಾರ ಅದನ್ನು ರದ್ದು ಮಾಡಿತು. ಆದರೂ ದೇಶಗಳ ನಡುವಿನ ಟೂರ್ನಿಯಾದ 2023ರ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಯೋವಾನ್ ಮೊಂಕಾದಾ, ಲೂಯಿಸ್ ರಾಬರ್ಟ್ ಥರ ದೇಶ ಬಿಟ್ಟಿದ್ದವರು ಕ್ಯೂಬಾ ಅಂಗಿ ಹಾಕಿ ಆಡಿದರು. 1998ರಲ್ಲಿ ಇದನ್ನು ಕನಸಿನಲ್ಲೂ ಯಾರೂ ನಂಬುತ್ತಿರಲಿಲ್ಲ.

ಅವರ ಆಟ ನೋಡಬೇಕು. ಎಲ್ಲಿಂದ ಶುರು ಮಾಡಲಿ?

2005ರ ಅಕ್ಟೋಬರ್ 7, ಬೋಸ್ಟನ್‌ನ ಫೆನ್ವೇ ಪಾರ್ಕ್, ಆರನೇ ಇನಿಂಗ್ಸ್. ಅಷ್ಟು ಹುಡುಕಿದರೆ ಸಾಕು.

ಆ ಸೀಸನ್‌ನಲ್ಲಿ ವೈಟ್ ಸಾಕ್ಸ್‌ಗೆ ಅವರು 9 ಗೆಲುವು, 9 ಸೋಲು. ಈಆರ್‌ಎ ಐದರ ಮೇಲೆ. ಪ್ಲೇಆಫ್ ಬಂದಾಗ ಶುರುವಿನ ಪಿಚರ್ ಜಾಗ ಹೋಗಿ ಬುಲ್‌ಪೆನ್‌ನಲ್ಲಿ, ಅಂದರೆ ಬದಲಿ ಪಿಚರ್‌ಗಳು ಕಾಯುವ ಜಾಗದಲ್ಲಿ, ಕೂತಿದ್ದರು. ಇನ್ನು ನಾಲ್ಕು ದಿನಕ್ಕೆ 40 ತುಂಬುತ್ತಿತ್ತು. ವೈಟ್ ಸಾಕ್ಸ್ 4-3ರಿಂದ ಮುಂದೆ. ಮೂರೂ ಬೇಸ್‌ಗಳಲ್ಲಿ ಬೋಸ್ಟನ್ ಆಟಗಾರರು, ಒಂದೂ ಔಟ್ ಇಲ್ಲ. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ತಂಡ, ಕಿವಿ ಕಿವುಡಾಗುವ ಹಾಗೆ ಕಿರುಚುವ ಸ್ಟೇಡಿಯಂ. ಆಗ ಎಲ್ ಡೂಕೆ ಬುಲ್‌ಪೆನ್‌ನಿಂದ ಹೊರಗೆ ಬರುತ್ತಾರೆ.

ಮೊದಲು ಜೇಸನ್ ವ್ಯಾರಿಟೆಕ್. ಚೆಂಡು ಸೀದಾ ಮೇಲಕ್ಕೆ, ಕ್ಯಾಚ್. ಆಮೇಲೆ ಟೋನಿ ಗ್ರಾಫನೀನೊ. ಚೆಂಡನ್ನು ಗೆರೆಯ ಹೊರಗೆ, ಫೌಲ್ ಮೇಲೆ ಫೌಲ್ ಹೊಡೆದು ಬಹಳ ಹೊತ್ತು ಕಾಡಿಸುತ್ತಾರೆ. ಕೊನೆಗೆ ಅವರದೂ ಕ್ಯಾಚ್. ಮೂರನೆಯವರು ಜಾನಿ ಡೇಮನ್. ಎಣಿಕೆ ಮೂರು ಬಾಲ್ (ನಮ್ಮ ವೈಡ್ ಥರದ ಎಸೆತ), ಎರಡು ಸ್ಟ್ರೈಕ್‌ವರೆಗೆ ಹೋಗುತ್ತದೆ. ಇನ್ನೊಂದು ಬಾಲ್ ಆದರೆ ಬ್ಯಾಟರ್‌ಗೆ ಬೇಸ್ ಬಿಟ್ಟಿ, ಮೂರನೇ ಬೇಸ್‌ನಲ್ಲಿದ್ದವನು ಒಳಗೆ ಬಂದು ಪಂದ್ಯ ಸಮ. ಬ್ಯಾಟ್ ಬೀಸಿ ತಪ್ಪಿದರೆ ಮೂರನೇ ಸ್ಟ್ರೈಕ್, ಔಟ್. ಎಲ್ ಡೂಕೆ ಚೆಂಡನ್ನು ಕೆಳಗೆ, ಇನ್ನೂ ಕೆಳಗೆ ಇಳಿಯುವ ಹಾಗೆ ಎಸೆಯುತ್ತಾರೆ. ಡೇಮನ್ ಬ್ಯಾಟನ್ನು ಅರ್ಧದಲ್ಲೇ ತಡೆಯಲು ನೋಡುತ್ತಾರೆ, ಆಗುವುದಿಲ್ಲ.